ಎರಡು ಸೀಟಿ

ಇವತ್ತು ಹೇಳಿಬಿಡಲೇ, ನಾಳೆ ಹೇಳಲೇ? ಇನ್ನು ಬರುವುದಿಲ್ಲ ಎಂದರೆ ಅಕ್ಕ ಏನೂ ಅನ್ನುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಬೈದರೆ ತಡೆದುಕೊಳ್ಳಬಹುದು. ಸುಮ್ಮನೆ ತಲೆಯಾಡಿಸಿ ಚಾಪೆ ಹಾಸಲು ಹೋಗಿಬಿಟ್ಟರೆ? ಆ ಬೆನ್ನು ನೋಡುತ್ತ ನಿಲ್ಲುವುದು ಹೇಗೆ?

ಆರಕ್ಕೆ ಐದು ನಿಮಿಷವಿತ್ತು. ಶಾಲೆಯ ಹಳೆಯ ಹಾಲ್‌ನ ಬಾಗಿಲ ಚಿಲಕ ಹಿಡಿದು ಅವನು ಇದನ್ನೇ ಯೋಚಿಸುತ್ತ ನಿಂತಿದ್ದ.

"ಒಳಗೆ ಹೋಗ್ತೀಯೋ, ಇಲ್ಲ ಬಾಗಿಲನ್ನೇ ಕಿತ್ತು ಎತ್ತಿ ತೋರಿಸ್ತೀಯೋ?" ಎಂದಳು ಕಸರತ್ತಿಗೆಂದು ಹಿಂದೆಯೇ ಬಂದಿದ್ದ ಬೇಕರಿಯಮ್ಮ.

ಅವನು ಒಳಗೆ ಹೋದ. ಅವತ್ತೂ ಹೇಳಲಿಲ್ಲ.

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ಬೇರೆಯವರಿಗೆ ಸರಿಯಾಗಿ ಕಾಣಿಸಲಿ ಎಂದು ಹದಿನೈದು ವರ್ಷ ಉಜ್ಜಿದ್ದ. ತನ್ನನ್ನೂ ಯಾರಾದರೂ ಸರಿಯಾಗಿ ಒಮ್ಮೆ ನೋಡಲಿ ಎಂಬ ಆಸೆ ಮೂವತ್ತೆಂಟನೆಯ ವಯಸ್ಸಿನಲ್ಲಿ ಹುಟ್ಟಿಕೊಂಡಿತ್ತು. ಇನ್ನು ಐದು ವಾರಕ್ಕೆ ದೇಹಸೌಷ್ಠವದ ಸ್ಪರ್ಧೆ. ಅವನಿಗೆ ಅದು ಮೊದಲನೆಯದು. ಮನೆಯ ಖರ್ಚು, ಮೊಣಕಾಲು ಎರಡನ್ನೂ ನೋಡಿದರೆ ಕೊನೆಯದೂ ಆಗಬಹುದಿತ್ತು.

ತಯಾರಿ ಮಾಡಿಸುತ್ತಿದ್ದವನು ಅವನ ಬೀದಿಯ ಟೈಲರ್. ಒಂದು ಕಾಲದಲ್ಲಿ ಅಂಥ ಸ್ಪರ್ಧೆ ಗೆದ್ದವನು. ಹೊಲಿಗೆಗೂ ಕಸರತ್ತಿಗೂ ಎಲ್ಲರೂ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಪ್ರತಿ ಶನಿವಾರ ಅಂಗಡಿಯ ಪರದೆಯ ಹಿಂದೆ ಅಂಗಿ ಬಿಚ್ಚಿಸಿ ಅದೇ ಹಳದಿ ಟೇಪಿನಲ್ಲಿ ಅಳೆಯುತ್ತಿದ್ದ.

"ಸೊಂಟ ಸರಿ. ಎದೆ ಪರವಾಗಿಲ್ಲ. ಭುಜ..." ಮಾಸ್ಟರ್ ಟೇಪನ್ನು ಕಣ್ಣಿನ ಹತ್ತಿರ ತಂದ. "ಏನಪ್ಪಾ ಫ್ರೇಮು, ಕಾಲಿಂಚು ಎಲ್ಲಿಟ್ಟು ಬಂದೆ?"

"ನಿಮ್ಮ ಟೇಪು ಹಳೇದಾಗಿ ಹಿಗ್ಗಿರಬೇಕು ಮಾಸ್ಟ್ರೇ."

"ಇಪ್ಪತ್ತು ವರ್ಷದಿಂದ ಊರಿಗೆಲ್ಲ ಸರಿಯಾಗಿ ಅಳೆದ ಟೇಪು ನಿನ್ನ ಭುಜ ಕಂಡು ಹಿಗ್ಗುತ್ತಾ? ಬೆಳಿಗ್ಗೆ ಆ ಕುಣಿತಕ್ಕೆ ಇನ್ನೂ ಹೋಗ್ತಿದ್ದೀಯಾ? ತಿನ್ನೋದು ಅಷ್ಟು ಕಡಿಮೆ ಮಾಡಿದ್ದೀವಿ. ಅದರ ಮೇಲೆ ನಲವತ್ತು ನಿಮಿಷ ಕಪ್ಪೆ ಥರ ಹಾರಿದ್ರೆ ಮೈಯೇ ಮೈಯನ್ನ ತಿಂದು ಹಾಕುತ್ತೆ. ನಾನು ಹೊಲಿದಿದ್ದನ್ನ ನೀನು ಬೆಳಿಗ್ಗೆ ಹೋಗಿ ಬಿಚ್ಚಿಸ್ಕೊಂಡು ಬರ್ತೀಯ."

"ನಿಲ್ಲಿಸ್ಬಿಟ್ಟೆ ಮಾಸ್ಟ್ರೇ."

ಸುಳ್ಳು ಬಹಳ ಸಲೀಸಾಗಿ ಬಂತು. ಅದಾದ ಮೇಲೆ ಬೆಳಿಗ್ಗೆ ಹಾಲ್‌ಗೆ ಹೋಗುವಾಗ ಟೈಲರ್ ಅಂಗಡಿ ತಪ್ಪಿಸಿ ಸುತ್ತುದಾರಿ ಹಿಡಿಯತೊಡಗಿದ. ಆ ನಡಿಗೆಗೂ ಒಂದಿಷ್ಟು ಮೈ ಕರಗಿತು.

ಕುಣಿತ ಅಕ್ಕನದು. ಅವಳು ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಮೈದಾನದ ಆ ತುದಿಯಲ್ಲಿ ಕೂಗಿದರೆ ಈ ತುದಿಯ ಮಕ್ಕಳು ಚಡ್ಡಿ ಸರಿಮಾಡಿಕೊಳ್ಳುತ್ತಿದ್ದರು. ಗಂಟಲಿನ ಆಪರೇಷನ್ ಆಯಿತು. ಗಂಟಲು ಉಳಿಯಿತು, ದನಿ ಪಿಸುಮಾತಿಗೆ ಇಳಿಯಿತು. ಕೆಲಸ ಹೋಯಿತು. ಒಂದು ವರ್ಷ ಅವಳು ಕಿಟಕಿಯ ಪಕ್ಕ ಬಟ್ಟೆ ಮಡಚುತ್ತ ಕುಳಿತಿದ್ದಳು, ಮಡಚಿದ್ದನ್ನೇ ಮತ್ತೆ ಮಡಚುತ್ತ. ಆಮೇಲೊಂದು ದಿನ ಪೆಟ್ಟಿಗೆಯಿಂದ ಹಳೆಯ ಸ್ಟೀಲಿನ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು. "ಬೆಳಿಗ್ಗೆ ಆರಕ್ಕೆ ಬಾರೋ," ಎಂದು ತಮ್ಮನ ಕಿವಿಯ ಹತ್ತಿರ ಹೇಳಿದಳು. ಮೊದಲ ದಿನ ಇಡೀ ಹಾಲ್‌ನಲ್ಲಿ ಅವನೊಬ್ಬನೇ. ಅವನೊಬ್ಬನಿಗೇ ನಲವತ್ತು ನಿಮಿಷ ಸೀಟಿ ಊದಿದಳು. ಈಗ ಹನ್ನೆರಡು ಜನ ಬರುತ್ತಾರೆ.

ಒಂದು ಸೀಟಿಗೆ ಕುಕ್ಕರುಗಾಲು. ಎರಡು ಸೀಟಿಗೆ ನೆಲ: ಕೂತು, ಅಂಗೈ ಊರಿ, ಕಾಲು ಹಿಂದೆ ಎಸೆದು, ಎದೆ ತಾಗಿಸಿ, ಎದ್ದು, ಹಾರಿ, ತಲೆಯ ಮೇಲೆ ಚಪ್ಪಾಳೆ. ಉದ್ದ ಸೀಟಿಗೆ ವಿರಾಮ. ಹೊಸಬರಿಗೆ ಇದನ್ನು ಬಿಡಿಸಿ ಹೇಳಲು ಅವಳ ದನಿ ಸಾಲದು. ಮುಂದಿನ ಸಾಲಿನಲ್ಲಿ ಅವನು ಮಾಡುತ್ತಾನೆ. ಅವನನ್ನು ನೋಡಿ ಉಳಿದವರು ಮಾಡುತ್ತಾರೆ. ಊದುವಾಗ ಗಂಟಲು ಎಳೆಯುವುದರಿಂದ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬಿಟ್ಟಾಗ ಎದುರಿಗೆ ಹನ್ನೆರಡು ಜನ ಹಾರುತ್ತಿರುತ್ತಾರೆ. ಆಗ ಅವಳ ಮುಖ ನೋಡಿದವನು ಬರುವುದಿಲ್ಲ ಎಂದು ಹೇಗೆ ಹೇಳುತ್ತಾನೆ?

"ನಿಮ್ಮ ಮಾಸ್ಟರ್ ಏನಂತಾರೆ?" ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ತುಂಬ ಒಳ್ಳೇದು, ಬಿಡಬೇಡ ಅಂದ್ರು."

"ಹಾಗಾದ್ರೆ ನಾಳೆಯಿಂದ ಇನ್ನೂ ಹತ್ತು ಜಾಸ್ತಿ ಮಾಡಿಸ್ತೀನಿ."

"ನಿನ್ನ ಬಾಯಿಗೆ ಬೀಗ ಹಾಕಾ," ಎಂದು ನೆಲದ ಮೇಲೆ ಬಿದ್ದಿದ್ದ ಬೇಕರಿಯಮ್ಮ ಶಾಪ ಹಾಕಿದಳು.

ಹೀಗೆ ಐದು ವಾರ ಕಳೆದವು. ಬೆಳಿಗ್ಗೆ ಅಕ್ಕನಲ್ಲಿ ಕರಗಿದ್ದನ್ನು ಸಂಜೆ ಮಾಸ್ಟರಲ್ಲಿ ಕಟ್ಟಿಕೊಳ್ಳುತ್ತ, ನಡುವೆ ಬೇಯಿಸಿದ ಮೊಟ್ಟೆಯ ಬಿಳಿಯನ್ನು ಗಿರಾಕಿಗಳಿಗೆ ಕಾಣದಂತೆ ನುಂಗುತ್ತ ಅವನು ಹೇಗೋ ಕಾಲ ತಳ್ಳಿದ.

ಸ್ಪರ್ಧೆಯ ದಿನ ವೇದಿಕೆಯ ಹಿಂದೆ ಮಾಸ್ಟರ್ ಗೋಡೆಗೆ ಬಳಿಯುವ ರೋಲರಿನಲ್ಲಿ ಅವನ ಮೈಗೆಲ್ಲ ಕಂಚಿನ ಬಣ್ಣ ಹಚ್ಚಿದ. ತಾನೇ ಹೊಲಿದ ನೀಲಿ ಚಡ್ಡಿ ತೊಡಿಸಿದ. "ಏನೂ ಮುಟ್ಟಬೇಡ. ಬೆವರಬೇಡ. ಬಣ್ಣ ಅಳಿಸಿದ್ರೆ ಮುಗೀತು, ನಿನ್ನ ಕಥೇನೂ ಅಳಿಸ್ತು."

ಎಂಟು ಜನ ಸಾಲಾಗಿ ನಿಂತರು. ಬಲಕ್ಕೆ ತಿರುಗಿದರು, ಬೆನ್ನು ತೋರಿಸಿದರು, ಹಲ್ಲು ಕಿರಿದರು. ಆಮೇಲೆ ತೀರ್ಪುಗಾರರು ಐವರನ್ನು ಮುಂದೆ ಕರೆದರು. ಅವರಲ್ಲಿ ಅವನೂ ಇದ್ದ. ಮುಖ್ಯ ತೀರ್ಪುಗಾರ ಕನ್ನಡಕ ಮೇಲೇರಿಸಿ, ಅವನನ್ನು ದಿಟ್ಟಿಸಿ ನೋಡಿ, "ಮೂರನೇ ನಂಬರ್, ನಡುವೆ ಬನ್ನಿ," ಎಂದ. ನಡುವೆ ನಿಲ್ಲಿಸುವುದು ಗೆಲ್ಲುವಂತೆ ಕಂಡವನನ್ನು ಎಂದು ಎಲ್ಲರಿಗೂ ಗೊತ್ತು. ವೇದಿಕೆಯ ಪಕ್ಕದಲ್ಲಿ ಮಾಸ್ಟರ್ ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

ಜನ ಕೂಗಿದರು. ಆರನೆಯ ಸಾಲಿನಲ್ಲಿ ಕೂಗಲಾಗದ ಅಕ್ಕ ಎದ್ದು ನಿಂತು, ಕಣ್ಣು ಮುಚ್ಚಿ, ಶಕ್ತಿಯೆಲ್ಲ ಹಾಕಿ ಊದಿದಳು. ಎರಡು ಸಲ.

ಅವನು ಕೂತ. ಅಂಗೈ ಊರಿದ. ಕಾಲು ಹಿಂದೆ ಎಸೆದು, ಎದೆ ತಾಗಿಸಿ, ಎದ್ದು, ಹಾರಿ, ತಲೆಯ ಮೇಲೆ ಚಪ್ಪಾಳೆ ಹೊಡೆದ. ಏನು ಮಾಡಿದೆನೆಂದು ತಿಳಿದದ್ದು ಚಪ್ಪಾಳೆಯ ಸದ್ದು ಕೇಳಿದ ಮೇಲೆ. ಮುಂದಿನ ಸಾಲುಗಳವರು ಎದ್ದು ನಿಂತರು. ಬಿಳಿಯ ವೇದಿಕೆಯ ಮೇಲೆ ಎರಡು ಕಂಚಿನ ಅಂಗೈಗಳೂ ಒಂದು ಕಂಚಿನ ಎದೆಯೂ ಮೂಡಿದ್ದವು. ಅವನ ಸ್ವಂತ ಎದೆಯ ಮೇಲೆ ತಟ್ಟೆಯಗಲದ ಬಿಳಿಯ ಮಚ್ಚೆ.

"ಮೂರನೇ ನಂಬರ್, ಹುಷಾರಾಗಿದ್ದೀರಾ?" ಮೈಕಿನಲ್ಲಿ ಕೇಳಿದರು.

"ಕಾಲು ಜಾರಿತು ಸಾರ್."

"ಜಾರಿ ಬಿದ್ದೋನು ಚಪ್ಪಾಳೆ ಬೇರೆ ಹೊಡೀತಾನಾ?" ಎಂದ ಪಕ್ಕದವನು, ಕಿರಿದ ಹಲ್ಲು ಮುಚ್ಚದೆ.

ಅವನನ್ನು ನಡುವಿನಿಂದ ತುದಿಗೆ ಕಳಿಸಿದರು. ಐವರಲ್ಲಿ ಐದನೆಯ ಸ್ಥಾನ.

ವೇದಿಕೆಯ ಹಿಂದೆ ಮಾಸ್ಟರ್ ಹಲ್ಲಿನಿಂದ ಟೇಪು ತೆಗೆದ. ಆಮೇಲೆ ಕೇಳಿದ: "ಎಷ್ಟು ದಿನ ಹೋದೆ?"

"ದಿನಾ."

"ಐದು ವಾರಾನೂ?"

"ಭಾನುವಾರ ಇರಲ್ಲ."

"ಪಾಪ, ರಜಾನೂ ಕೊಟ್ರಾ? ದೊಡ್ಡ ಮನಸ್ಸು." ಇನ್ನೂ ಬೈಯಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅಕ್ಕ ಬಂದಳು, ಅವಳ ಹಿಂದೆ ಬೇಕರಿಯಮ್ಮ.

"ಏನಾಯ್ತೋ? ಮುಂದಿನೋರೆಲ್ಲ ಎದ್ದು ನಿಂತುಬಿಟ್ರು, ನನಗೆ ಕಾಣಿಸಲೇ ಇಲ್ಲ. ಬಿದ್ದೆ ಅಂತಾರೆ?" ಅವಳ ಪಿಸುಮಾತು ಕೇಳಲು ಮಾಸ್ಟರ್ ಬಾಗಬೇಕಾಯಿತು. ಬಾಗಿದಾಗ ಅವಳ ಕೊರಳಿನ ಸೀಟಿ ಕಣ್ಣಿಗೆ ಬಿತ್ತು. ಅದನ್ನು ನೋಡಿದ, ಅವನ ಎದೆಯ ಮಚ್ಚೆ ನೋಡಿದ, ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗೆ ಹಾಕಿಕೊಂಡ.

"ನೆಲಕ್ಕೆ ಪಾಲಿಷ್ ಜಾಸ್ತಿಯಾಗಿತ್ತಮ್ಮಾ," ಎಂದ.

"ಹೌದೌದು," ಎಂದಳು ಬೇಕರಿಯಮ್ಮ, ಕುರ್ಚಿಗಳ ನಡುವೆ ಊರಿ ಕೆಂಪಾಗಿದ್ದ ಮೊಣಕಾಲು ಉಜ್ಜಿಕೊಳ್ಳುತ್ತ. "ಕೂತಲ್ಲೇ ನನಗೂ ಜಾರಿತು."

ಅಕ್ಕ ಸೆರಗಿನ ತುದಿಯಿಂದ ತಮ್ಮನ ಹಣೆಯ ಬಣ್ಣ ಒರೆಸಿದಳು. "ನಾನು ಊದಿದ್ದು ಕೇಳಿಸ್ತೇನೋ? ಎಲ್ಲರೂ ಕೂಗ್ತಿದ್ರು. ನನಗೂ ಕೂಗಬೇಕು ಅನ್ನಿಸ್ತು."

"ಇಲ್ಲಕ್ಕಾ. ಅಷ್ಟು ಗದ್ದಲ."

"ಛೆ. ಎರಡು ಸಲ ಊದಿದ್ದೆ."

"ಮುಂದಿನ ಸಲ ಇನ್ನೂ ಜೋರಾಗಿ ಊದು."

ಮಾಸ್ಟರ್ ಕೆಮ್ಮಿದ.

ಮರುದಿನ ಆರಕ್ಕೆ ಅವನು ಮುಂದಿನ ಸಾಲಿನಲ್ಲಿದ್ದ. ಕಿವಿಯ ಹಿಂದೆ ಇನ್ನೂ ಕಂಚಿನ ಬಣ್ಣ ಉಳಿದಿತ್ತು. ಅಕ್ಕ ಕಣ್ಣು ಮುಚ್ಚಿ ಎರಡು ಸಲ ಊದಿದಳು, ಅವನು ನೆಲಕ್ಕಿಳಿದ.

ಅವತ್ತು ಸೀಟಿ ಕೇಳಿಸಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.