ಕಹಳೆಯ ಕೇಳುಗೋಲು

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ತಮ್ಮ ತಮ್ಮ ದಾರಿ ಹಿಡಿದ ಮೇಲಿನ ಮೊದಲ ಬೆಳಿಗ್ಗೆ. ಆಫೀಸಿಗೆ ಹೋಗಬೇಕಿತ್ತು. ಬಟ್ಟೆ ತೆಗೆಯಲು ಅವಳು ಕಪಾಟಿನ ಬಾಗಿಲು ಎಳೆದಾಗ ಹಿಂದೆ ಒರಗಿಸಿದ್ದ ಕೇಳುಗೋಲು ದಡಾರನೆ ನೆಲಕ್ಕೆ ಬಿತ್ತು.

"ಏನೇ ಅದು?" ಅತ್ತೆ ಅಡುಗೆಮನೆಯಿಂದ ಕೇಳಿದರು.

"ಏನಿಲ್ಲ ಅತ್ತೆ."

ಸೊಂಟದೆತ್ತರದ ಉಕ್ಕಿನ ಸರಳು, ತಲೆಯಲ್ಲಿ ಒಂದು ಮರದ ಬಟ್ಟಲು. ಸರಳಿನ ತುದಿಯನ್ನು ಕೊಳವೆಯ ವಾಲ್ವಿನ ಮೇಲೂರಿ ಬಟ್ಟಲಿಗೆ ಕಿವಿ ಕೊಟ್ಟರೆ ನೆಲದಡಿ ನೀರು ಎಲ್ಲಿ ಸೋರುತ್ತಿದೆಯೆಂದು ಬಲ್ಲವರಿಗೆ ತಿಳಿಯುತ್ತದೆ. ಅವಳ ಗಂಡ ನೀರು ಸರಬರಾಜು ಕಚೇರಿಯ ಸೋರಿಕೆ ತಂಡದ ಮೇಸ್ತ್ರಿಯಾಗಿದ್ದ. ಕೋಲು ಮಾತ್ರ ಅವನದಲ್ಲ. ಬಟ್ಟಲಿನ ಅಂಚಿಗೆ ಗುರುತಿಗೆಂದು ಹಚ್ಚಿದ್ದ ನೇರಳೆ ಬಣ್ಣದ ನೇಲ್ ಪಾಲಿಶ್ ಇತ್ತು. ಅದು ಯಾರ ಉಗುರಿನ ಬಣ್ಣವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೋಲನ್ನು ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದಕ್ಕೆ ತಳ್ಳಿದಳು.

ತಂಡದಲ್ಲಿದ್ದ ಒಬ್ಬಳೇ ಹೆಂಗಸನ್ನು ಎಲ್ಲರೂ ಕಹಳೆ ಎಂದು ಕರೆಯುತ್ತಿದ್ದರು. ಅವಳು ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯವರೂ ಉತ್ತರ ಕೊಡಬಹುದಿತ್ತು. ಕೆಲಸ ಮುಗಿದ ಮೇಲೆ ತಂಡದವರು ಅಂಗಳದಲ್ಲಿ ಪೇರಿಸಿಟ್ಟ ಕೊಳವೆಗಳ ಮೇಲೆ ಕೂತು ಹರಟುತ್ತಿದ್ದರು. ಗಂಡ ಅಲ್ಲಿ ಬಾಯಿ ನೋಯುವಷ್ಟು ಮಾತಾಡಿ, ಮನೆಗೆ ಬಂದರೆ ಮೌನವ್ರತ. ಊಟಕ್ಕೆ ಕೂತಾಗ ಅವನ ಬಲಕ್ಕೆ ಗೋಡೆ, ಎಡಕ್ಕೆ ಹೆಂಡತಿ. ಏನು ಹೇಳಿದರೂ "ಹೂಂ". "ನಿಮ್ಮ ಹತ್ತಿರ ಮಾತಾಡೋದೂ ಒಂದೇ, ಆ ಗೋಡೆ ಹತ್ತಿರ ಮಾತಾಡೋದೂ ಒಂದೇ" ಎಂದರೆ ಅದಕ್ಕೂ "ಹೂಂ". ಒಂದು ಸಂಜೆ ತಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ್ದಳು, "ನಾನು ನಿಮಗೆ ಬೇಜಾರಾಗಿಬಿಟ್ಟಿದ್ದೀನಾ?"

"ಹೂಂ" ಎಂದಿದ್ದ.

ಆ ಹೂಂಕಾರ ಅವಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಬೇಕಾದವನು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಉದ್ದಕ್ಕೂ ಹಾರ್ನ್ ಹೊಡೆದೆ, ಆ ಮನುಷ್ಯ ತಿರುಗಿಯೂ ನೋಡಲಿಲ್ಲ ಎಂದು ಲಾರಿಯವನು ಅತ್ತನಂತೆ.

ಅವಳ ಕೆಲಸವೂ ಅದೇ ಕಚೇರಿಯಲ್ಲಿ, ಮಹಡಿಯ ಮೇಲೆ. ಸಂಸ್ಥೆಗಳು ತಮಗೆ ಗೊತ್ತಿರುವುದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನೇ ವಿಶ್ವವಿದ್ಯಾಲಯದಲ್ಲಿ ಓದಿದವಳು. ನಿವೃತ್ತರಾದವರು, ಬಿಟ್ಟುಹೋದವರು ತಲೆಯಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆಂದು ಕಂಪ್ಯೂಟರಿನಲ್ಲಿ 'ಅನುಭವ ಭಂಡಾರ' ಕಟ್ಟಿಸಿದ್ದಳು. ಪ್ರತಿ ನೌಕರನೂ ತನ್ನ ಹೆಸರಿನ ಪುಟದಲ್ಲಿ ತನಗೆ ಗೊತ್ತಿದ್ದದ್ದನ್ನು ಬರೆಯಬೇಕು. 'ನಿಮ್ಮ ತಲೆಯಲ್ಲಿರುವುದು ಸಂಸ್ಥೆಯ ಸ್ವತ್ತು' ಎಂಬ ಫಲಕವನ್ನು ಮೆಟ್ಟಿಲ ಬಳಿ ತಾನೇ ತೂಗುಹಾಕಿದ್ದಳು.

ಅವಳು ಕೂತ ಕೂಡಲೇ ಸಾಹೇಬರು ಬಂದರು. ಸಮಾಧಾನದ ಎರಡು ಮಾತು ಹೇಳಿ, ಗಂಟಲು ಸರಿಮಾಡಿಕೊಂಡು, "ಟ್ಯಾಂಕ್ ಪಕ್ಕದ ಮೇಲಿನ ಬೀದಿಗೆ ನೀರೇ ಹತ್ತುತ್ತಿಲ್ಲಮ್ಮ. ಎಲ್ಲೋ ಸೋರ್ತಿದೆ, ಸಿಗ್ತಿಲ್ಲ. ನಿಮ್ಮ ಯಜಮಾನರು ಭಂಡಾರದಲ್ಲಿ ಏನಾದರೂ ಬರೆದಿದ್ದಾರಾ ನೋಡಿ" ಎಂದರು.

ನೋಡಿದಳು. ಅವನ ಪುಟದಲ್ಲಿ ಇದ್ದದ್ದು 'ಎಲ್ಲ ಸರಿ ಇದೆ' ಎಂಬ ಒಂದೇ ಸಾಲು. ತಂಡದ ಉಳಿದವರ ಪುಟಗಳಲ್ಲೂ ಎಲ್ಲ ಸರಿಯೇ ಇತ್ತು.

ಸಾಹೇಬರ ಬೆನ್ನಿಗೇ ಕಹಳೆ ಬಾಗಿಲಲ್ಲಿ ನಿಂತಿದ್ದಳು. ನೇರಳೆ ಉಗುರು, ಕೆಸರು ಮೆತ್ತಿದ ಬೂಟು. "ಮೇಡಂ, ಇಂಥ ಹೊತ್ತಲ್ಲಿ ಕೇಳಬಾರದು. ನನ್ನ ಕೋಲು ಮೇಸ್ತ್ರಿ ಇಸ್ಕೊಂಡಿದ್ರು. ಸ್ಟೋರಲ್ಲಿ ಕೊಟ್ಟಿರೋ ಕೋಲಲ್ಲಿ ನೀರಿಗಿಂತ ನನ್ನ ಎದೆಬಡಿತವೇ ಜೋರಾಗಿ ಕೇಳುತ್ತೆ. ಮನೇಲಿದ್ಯಾ?"

"ನಮ್ಮನೇಲಿ ಇಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು. ಗೊತ್ತಿದ್ದದ್ದನ್ನು ಮುಚ್ಚಿಡಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು ಮಂಚದಡಿಯ ಕೋಲನ್ನು ನೆನೆದು ಒಳಗೊಳಗೇ ತಣ್ಣಗಾದಳು. ಅವರ ಮಾತನ್ನೆಲ್ಲ ನೀನೇ ತಗೊಂಡೆಯಲ್ಲ, ಕೋಲಾದರೂ ನನ್ನ ಹತ್ತಿರ ಇರಲಿ ಎಂದುಕೊಂಡಳು.

ಸಂಜೆ ಸಾಹೇಬರು ಅವಳನ್ನು ಅಂಗಳಕ್ಕೆ ಕಳಿಸಿದರು. ತಂಡದವರಿಂದ ಏನಾದರೂ ಬರೆದುಕೊಂಡು ಬರಬೇಕು. ಅವಳು ಬರುತ್ತಲೇ ಕೊಳವೆಗಳ ಮೇಲಿದ್ದವರ ಬಾಯಿಗೆ ಬೀಗ ಬಿತ್ತು. ಅವಳು ಪೆನ್ನು ಚೀಲಕ್ಕೆ ಹಾಕಿ ಸುಮ್ಮನೆ ಕೂತ ಮೇಲೆ ಮೆಲ್ಲಗೆ ಬೀಗ ಸಡಿಲವಾಯಿತು.

"ಮೇಸ್ತ್ರಿ ಇದ್ದಿದ್ರೆ ಮೊದಲು ಶಾಲೆ ಹತ್ತಿರದ ವಾಲ್ವಿಗೆ ಕಿವಿ ಇಡಿಸ್ತಿದ್ರು" ಎಂದ ಗುಂಡಿ ಅಗೆಯುವವನು.

"ಅಲ್ಲಿ ಇಟ್ಟಾಯ್ತು ಕಣೋ. ಸುಯ್ ಅನ್ನುತ್ತೆ, ಬುಸ್ ಅನ್ನಲ್ಲ" ಎಂದಳು ಕಹಳೆ. "ಸುಯ್ ಅಂದ್ರೆ ದೂರ, ಬುಸ್ ಅಂದ್ರೆ ಕಾಲಡಿ. ಹಾವಿನ ಹೆಡೆ ಮೇಲೆ ನಿಂತ್ಕೊಂಡು ಹಾವೆಲ್ಲಿ ಅಂತ ಕೇಳಬೇಡಿ ಅಂತ ಮೇಸ್ತ್ರಿ ಹೇಳ್ತಿರಲಿಲ್ವಾ?"

ಎಲ್ಲರೂ ನಕ್ಕರು. ಅವಳಿಗೆ ಹೊಟ್ಟೆಯಲ್ಲಿ ಕಿಚ್ಚು ಭಗ್ಗೆಂದಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಹಾವಿನ ಮಾತನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಇಲ್ಲಿ ಅಗೆಯುವವನಿಗೂ ಅದು ಬಾಯಿಪಾಠ.

ಉಳಿದವರು ಎದ್ದುಹೋದ ಮೇಲೆ ತಡೆಯಲಾರದೆ ಕಹಳೆಗೆ ಅಂದಳು, "ಮನೇಲಿ ನಾಲ್ಕು ಮಾತಾಡದವರು ನಿಮ್ಮ ಹತ್ತಿರ ಚೆನ್ನಾಗಿ ಮಾತಾಡ್ತಿದ್ರು ಅನ್ನಿ."

ಕಹಳೆಗೆ ಚುಚ್ಚಿದ್ದು ತಿಳಿಯಿತು. ಆದರೂ ಸಿಟ್ಟಾಗಲಿಲ್ಲ. "ನಾವು ಕಿರುಚ್ತಿದ್ವಿ ಮೇಡಂ. ಅದಕ್ಕೆ ಮಾತಾಡ್ತಿದ್ರು."

"ಅಂದ್ರೆ?"

"ನಿಮಗೆ ಗೊತ್ತಿರಲಿಲ್ವಾ?" ಕಹಳೆ ಮೊದಲ ಬಾರಿಗೆ ದನಿ ತಗ್ಗಿಸಿದಳು. "ಎಡಗಿವಿ ಪೂರಾ ಹೋಗಿತ್ತು. ಬಲಗಿವಿ ಅಲ್ಪಸ್ವಲ್ಪ. ನಾನೇನು ಹುಟ್ಟಾ ಕಹಳೆ ಅಲ್ಲ, ಅವರೇ ನನ್ನನ್ನ ಕಹಳೆ ಮಾಡಿದ್ದು. ನನ್ನ ಕೋಲಿನ ಬಟ್ಟಲು ದೊಡ್ಡದು, ಅದರಲ್ಲಾದ್ರೂ ಕೇಳುತ್ತೇನೋ ಅಂತ ಕಡೇ ವಾರ ಇಸ್ಕೊಂಡ್ರು. ಕೇಳಲಿಲ್ಲ. ವರ್ಷದಿಂದ ನಾನೇ ಕಿವಿ ಇಡೋದು, ಏನು ಕೇಳಿಸ್ತು ಅಂತ ಕೂಗಿ ಹೇಳೋದು. ಎಲ್ಲಿ ಅಗೀಬೇಕು ಅಂತ ಅವರು ಹೇಳೋದು. ಹಾಗೇ ಕಲಿತೆ."

"ನನಗ್ಯಾಕೆ ಹೇಳಲಿಲ್ಲ?"

ಕಹಳೆ ಉಗುರಿನ ಬಣ್ಣ ಕೆರೆದಳು. "ನನ್ನ ಹೆಂಡತೀನೇ ಆಫೀಸು ಕಣೇ ಅಂತಿದ್ರು. ಅವಳು ಮುಚ್ಚಿಡೋಳಲ್ಲ, ಬರೆದಿಟ್ಟುಬಿಡ್ತಾಳೆ. ಹೆಸರಿನ ಮುಂದೆ ಕಿವುಡ ಅಂತ ಬಂದ್ರೆ ನಾಳೆ ನನ್ನನ್ನ ಗೇಟು ಕಾಯೋಕೆ ಹಾಕ್ತಾರೆ ಅಂತ. ನಾವೂ ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ಆ ಲಾರಿ..." ಅಷ್ಟಕ್ಕೇ ನಿಲ್ಲಿಸಿ ಮುಖ ಒರೆಸಿಕೊಂಡಳು.

ಕೇಳಿಸಿಕೊಂಡವಳಿಗೆ ಅಳು ಬರಲಿಲ್ಲ. ಮನೆಗೆ ಬಂದು ಅವನ ಕುರ್ಚಿಯಲ್ಲಿ ಕೂತಳು. ಬಲಕ್ಕೆ ಗೋಡೆ. ಎಡಕ್ಕೆ, ಪೂರಾ ಹೋಗಿದ್ದ ಕಿವಿಯ ಕಡೆ, ತನ್ನ ಖಾಲಿ ಜಾಗ. ಬೇಜಾರಾಗಿಬಿಟ್ಟಿದ್ದೀನಾ ಎಂಬ ಆ ಪ್ರಶ್ನೆ ಅವನನ್ನು ತಲುಪಿಯೇ ಇರಲಿಲ್ಲ.

"ಅತ್ತೆ, ಅವರಿಗೆ ಕಿವಿ ಕೇಳಿಸ್ತಿರಲಿಲ್ಲವಂತೆ."

ಅತ್ತೆ ಒಲೆ ಆರಿಸಿ ಬಂದರು. "ಚಿಕ್ಕಂದಿನಿಂದಲೂ ಒಂದು ಸಲ ಕರೆದ್ರೆ ಬಂದವನಲ್ಲ. ಇದೂ ಅದೇ ಅನ್ಕೊಂಡೆ" ಎಂದರು.

ಮರುದಿನ ಬೆಳಿಗ್ಗೆ ಅವಳು ಮೆಟ್ಟಿಲ ಬಳಿಯ ಫಲಕವನ್ನು ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು. ಸಾಹೇಬರಿಗೆ ಎರಡೇ ಮಾತು ಹೇಳಿದಳು. ಭಂಡಾರದಲ್ಲಿ ಯಾರ ಹೆಸರೂ ಬೇಡ. ಕೊಳವೆಗಳ ಮೇಲೆ ಕೂರುವ ಹೊತ್ತು ಕೆಲಸದ ಹೊತ್ತಿಗೆ ಸೇರಬೇಕು. ಹೊಸಬರು ಅಲ್ಲಿ ಕೂತು ಕೇಳಲಿ, ಬರೆಯುವುದಿದ್ದರೆ ಆಮೇಲೆ.

"ಹರಟೆಗೂ ಸಂಬಳ ಕೊಡೋದೇನಮ್ಮ?"

"ಇಷ್ಟು ದಿನ ನೀರು ಬಂದಿರೋದೇ ಅದರಿಂದ ಸಾರ್."

"ನೋಡೋಣ" ಎಂದರು ಸಾಹೇಬರು. ಬೇಡ ಎನ್ನಲಿಲ್ಲ.

ಅಲ್ಲಿಂದ ಆಟೋ ಹಿಡಿದು ಮೇಲಿನ ಬೀದಿಗೆ ಹೋದಳು. ಬೆಳಿಗ್ಗೆ ಮಂಚದಡಿಯಿಂದ ತೆಗೆದು ತಂದಿದ್ದ ಕೋಲು ಆಟೋದ ಹೊರಕ್ಕೆ ಒಂದು ಗೇಣು ಚಾಚಿತ್ತು. ಬೀದಿಯ ತುಂಬ ಖಾಲಿ ಬಿಂದಿಗೆಗಳು ಸಾಲುಗಟ್ಟಿದ್ದವು. ವಾಲ್ವಿನ ಗುಂಡಿಯ ಪಕ್ಕ ಮಂಡಿಯೂರಿದ್ದ ಕಹಳೆ ತಲೆಯೆತ್ತಿ, ಮೊದಲು ನೇರಳೆ ಗುರುತನ್ನು, ಆಮೇಲೆ ಅವಳ ಮುಖವನ್ನು ನೋಡಿದಳು.

"ಇಲ್ಲ ಅಂದಿದ್ರಿ."

"ಇತ್ತು. ಕೊಡೋಕೆ ಮನಸ್ಸಿರಲಿಲ್ಲ."

ಕಹಳೆ ಕೈ ಚಾಚಿದಳು. ಕೋಲು ತಂದವಳ ಕಿಚ್ಚು ಪೂರ್ತಿ ಆರಿರಲಿಲ್ಲ. ಅವನ ಕಡೆಯ ವರ್ಷದ ಮಾತೆಲ್ಲ ಈ ಹೆಂಗಸಿನ ಗಂಟಲಲ್ಲಿದೆ, ಅದನ್ನಿನ್ನು ಯಾರೂ ವಾಪಸು ಕೊಡಲಾರರು. ಅವಳು ಬಟ್ಟಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಒಮ್ಮೆ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಕೋಲನ್ನು ಕಹಳೆಯ ಕೈಗಿತ್ತು, ಸುತ್ತಿ ಹೋಗಿ ಅವಳ ಬಲಗಡೆ, ಗಂಡನ ಪಕ್ಕ ತಾನೆಂದೂ ಕೂರದ ಬದಿಗೆ, ನಿಂತಳು.