ತಳಿಗೆ ಬಿಟ್ಟ ಕಾಯಿ

ಜವರಪ್ಪನವರು ಮನುಷ್ಯರಿಗೆ ಉತ್ತರ ಕೊಡುವ ಮೊದಲು ಒಂದು ಎಲೆಯನ್ನಾದರೂ ಮಗುಚಿ ನೋಡುತ್ತಿದ್ದರು. ಕುಶಲ ಕೇಳಿದವರು ಕಾಯಬೇಕು. ಅಡಿಯಲ್ಲಿ ಹುಳುವಿಲ್ಲವೆಂದು ಖಾತ್ರಿಯಾದ ಮೇಲೆಯೇ ಮಾತು. ಏನೋ ಕಳೆದುಕೊಂಡವರಂತೆ ನೆಲ ನೋಡುತ್ತ ನಡೆಯುವ ನಡಿಗೆ, ಎಸ್ಟೇಟಿನ ಬಿಳಿ ದೊರೆ ತೊಟ್ಟು ಬಿಟ್ಟ ಉದ್ದನೆಯ ಕೋಟು, ಅದರ ಜೇಬಿನಲ್ಲಿ ಹೂವಿಗೆ ಮದ್ದು ಸವರಲೆಂದು ಇಟ್ಟುಕೊಂಡ ಕೋಳಿಗರಿ. ಶಿವಭಕ್ತರ ಮನೆಗೆ ಕೋಳಿಗರಿ ಸಲ್ಲದೆಂದು ಮಡದಿ ರುದ್ರಮ್ಮ ಆ ಕೋಟನ್ನು ಹೊಸಿಲು ದಾಟಿಸುತ್ತಿರಲಿಲ್ಲ.

ಉತ್ತರ ಕೊಡಗಿನಿಂದ ಬಂದು ಕುಟ್ಟದ ಬಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವರಿಗೆ ಬಂಗಲೆಯ ತರಕಾರಿ ತೋಟವೇ ಪ್ರಾಣ. ಅಲ್ಲಿ ದೊರೆಸಾನಿ ಮ್ಯಾರೋ ಎನ್ನುತ್ತಿದ್ದ ಸೀಮೆಕಾಯಿ ಬೆಳೆಯುತ್ತಿತ್ತು. ಇಂದಿನ ಜುಕಿನಿಯದೇ ಕುಲ. ಬೀಜ ವಿಲಾಯಿತಿಯಿಂದಲೇ ಬರಬೇಕು. ಎರಡನೆಯ ಮಹಾಯುದ್ಧ ಹತ್ತಿ ಹಡಗು ನಿಂತಾಗ ಆಕೆ ಉಳಿದಷ್ಟನ್ನೂ ಜವರಪ್ಪನವರ ಕೈಗಿತ್ತಳು. ಇನ್ನು ಹಡಗಿನ ಹಂಗಿಲ್ಲದಂತೆ ಇದರ ತಳಿಯನ್ನು ಈ ಮಣ್ಣಿನಲ್ಲೇ ಉಳಿಸುವೆನೆಂದು ಅವರು ಹಟ ತೊಟ್ಟರು.

ಸೆಖೆಗೆ ಗಿಡದ ತುಂಬ ಗಂಡು ಹೂಗಳೇ. ಅಪರೂಪಕ್ಕೆ ಬಂದ ಹೆಣ್ಣು ಹೂಗಳು ಜೇನು ಸುಳಿಯದೆ ಹಳದಿಯಾಗಿ ಉದುರಿದವು. ಕೊನೆಗೆ ದೊರೆಸಾನಿ ಗುಲಾಬಿ ಕಡ್ಡಿಗೆ ಬೇರು ಬರಿಸುವ ಹಾರ್ಮೋನ್ ಪುಡಿಯನ್ನು ಕೊಟ್ಟಳು. ಅದನ್ನು ನೀರಿನಲ್ಲಿ ಕದಡಿ ಗರಿಯಿಂದ ಹೆಣ್ಣು ಹೂಗಳಿಗೆ ಸವರಿದರೆ, ಏನಾಶ್ಚರ್ಯ, ಪೀಚು ಕಚ್ಚಿ ನಿಂತಿತು! ಆ ಹಿಗ್ಗಿನಲ್ಲಿ ಗಂಡು ಹೂಗಳು ಸುಮ್ಮನೆ ಗಿಡದ ಸಾರ ಕುಡಿಯುತ್ತವೆಂದು ಒಂದನ್ನೂ ಬಿಡದೆ ಚಿವುಟಿ ಹಾಕಿದರು.

ಅಕ್ಕಿಗೂ ತತ್ವಾರವಿದ್ದ ದಿನಗಳು. ರುದ್ರಮ್ಮ ಬೇಲಿಯ ಬಳಿ ನಿಂತು, "ಅಲ್ಲಾ ಕಣ್ರೀ, ಎಳೇದು ಒಂದ್ ಕಿತ್ಕೊಡಿ, ಸಾರಿಗ್ ಹಾಕ್ತೀನಿ" ಎಂದರು.

"ತಳಿಗ್ ಬುಟ್ಟಿರೋದು ಕಣೆ. ಮುಂದಿನ್ ಸಲ ತಿಂದ್ರಾಯ್ತು."

ಬಲಿತ ಕಾಯಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ತೂಗುಹಾಕಿ, ಬಿತ್ತುವ ಕಾಲಕ್ಕೆ ಹೋಳು ಮಾಡಿದರು. ಒಳಗೆ ಬರೀ ಜಳ್ಳು. ಒಂದೊಂದನ್ನೂ ಬೆರಳಲ್ಲಿ ಹೊಸಕಿ ನೋಡಿದರು. ಆ ಪುಡಿ ಕಾಯಿಯನ್ನು ಊದಿಸಿತ್ತು, ಬೀಜ ಕಟ್ಟಿಸಿರಲಿಲ್ಲ. ಕಟ್ಟಿಸಬಹುದಾಗಿದ್ದ ಗಂಡು ಹೂಗಳನ್ನು ಅವರೇ ಚಿವುಟಿದ್ದರು. ಬಿತ್ತಲು ಇನ್ನೊಂದು ಕಾಳೂ ಉಳಿದಿರಲಿಲ್ಲ. ಜವರಪ್ಪನವರ ಕಣ್ಣು ತುಂಬಿ ಬಂತು.

"ನಿಂಗೂ ತಿನ್ನಕ್ ಕೊಡ್ಲಿಲ್ಲ ಕಣೆ ನಾನು" ಎಂದರು.

ರುದ್ರಮ್ಮ ನಾರುಗಟ್ಟಿದ ಆ ಹೋಳುಗಳನ್ನೇ ಬೇಯಿಸಿ ಸಾರು ಮಾಡಿ ಅವರಿಗೆ ಬಡಿಸಿದರು.

ಇಂಥವರಿಗೆ ಮೊದಲ ಬೆಳೆಗಿಂತ ಎರಡನೆಯದರ ಮೇಲೆ ಪ್ರೀತಿ. ಅವರ ನಾಳೆಗಾಗಿ ಜೊತೆಗಿರುವವರು ಇಂದಿನ ತುತ್ತು ಬಿಡಬೇಕಾಗುತ್ತದೆ. ಅವರ ಮೇಲೆ ಸಿಟ್ಟು ಬಂದರೆ ತಪ್ಪೇನಿಲ್ಲ. ಆದರೂ ಹಡಗಿನಲ್ಲಿ ಬಂದ ಮೆಣಸಿನಕಾಯಿಯನ್ನು ಎಂದೋ ನಮ್ಮ ಹಿತ್ತಿಲಿನದಾಗಿಸಿದವರು ಇಂಥವರೇ ಇರಬೇಕು. ಅವರ ಮನೆಯಲ್ಲೂ ಒಬ್ಬಾಕೆ ಬೇಲಿಯ ಬಳಿ ಕೈಯೊಡ್ಡಿ, ಬರಿಗೈಯಲ್ಲಿ ಒಳಗೆ ಹೋಗಿರಬೇಕು.