ಮೊಣಕೈಯ ಅಳತೆ

ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಾಗ ನಾನು ಮೊದಲು ನೋಡಿದ್ದು ಮೂಳೆಯನ್ನಲ್ಲ, ಸ್ಕ್ರೂಗಳನ್ನು. ನಲವತ್ತು ವರ್ಷ ಬಾಗಿಲು ಕೂರಿಸಿದ ಬಡಗಿಯ ಕಣ್ಣು ಬೇರೆಲ್ಲಿಗೆ ಹೋದೀತು? ಒಂದು ಲೋಹದ ಪಟ್ಟಿ, ಏಳು ಸ್ಕ್ರೂ. ಒಂದೂ ಓರೆಯಿಲ್ಲ, ಒಂದರ ತಲೆಯೂ ಸವೆದಿಲ್ಲ. ಆಪರೇಷನ್ ಮಾಡಿದ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನಿಜವಾಗಿ ಮುಗಿಯೋಣವೆಂದರೆ ಬಲಗೈ ಮಾತು ಕೇಳುತ್ತಿರಲಿಲ್ಲ.

ಬಾಗಿಲೊಂದರ ಮೇಲಿನ ತಿರುಗಣಿ ಬಿಗಿಯುವಾಗ ಏಣಿಯಿಂದ ಬಿದ್ದು ಮೊಣಕೈ ಮುರಿದುಕೊಂಡು ಮೂರು ವಾರವಾಗಿತ್ತು. ಹೊಲಿಗೆ ಬಿಚ್ಚಿದವರು ನನ್ನನ್ನು ಆಸ್ಪತ್ರೆಯ ಕೆಳಮಹಡಿಯ ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದ ಫಿಸಿಯೋ ನನ್ನ ಮಗಳಿಗಿಂತ ಚಿಕ್ಕವಳು. ಎರಡು ಕಡ್ಡಿ ಜೋಡಿಸಿದ ಪ್ಲಾಸ್ಟಿಕ್ ಕೋನಮಾಪಕವನ್ನು ಮೊಣಕೈಗೆ ಹೊಂದಿಸಿ, "ಮಡಚಿ" ಎಂದಳು. ಮಡಚಿದೆ. ಅಂದರೆ, ಮಡಚಿದೆ ಎಂದುಕೊಂಡೆ.

"ಎಪ್ಪತ್ತು ಡಿಗ್ರಿ," ಎಂದು ಬರೆದುಕೊಂಡಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಅಳತೆಯಮ್ಮ.

"ಗರಗಸ ಎಳೆಯೋಕೆ ಎಷ್ಟು ಬೇಕು?"

"ನೂರ ಮೂವತ್ತರ ಹತ್ರ ಬರ್ಲಿ. ತುತ್ತು ಬಾಯಿಗೆ ಹೋಗೋಕೂ ಅಷ್ಟು ಬೇಕಲ್ಲ?"

"ಬರದೇ ಹೋದ್ರೆ?"

ಅವಳು ಸುಳ್ಳು ಹೇಳಲಿಲ್ಲ. "ಮೊದಲ ಕೆಲವು ವಾರದಲ್ಲಿ ಏನೂ ಸುಧಾರಿಸ್ಲಿಲ್ಲ ಅಂದ್ರೆ ಹಾಗೇ ಬಿಗಿದುಬಿಡಬಹುದು. ಮೊಣಕೈ ಹಠಮಾರಿ. ದಿನಕ್ಕೆ ನಾಲ್ಕು ಸಲ, ಹತ್ತತ್ತು ಬಾರಿ, ಮೆಲ್ಲಗೆ ಮಾಡಿ. ಎಳೀಬೇಡಿ, ಒತ್ತಬೇಡಿ."

"ಸ್ಕ್ರೂ ಎಲ್ಲಾ ಗಟ್ಟಿಯಾಗೇ ಕೂತಿದಾವಲ್ಲ, ಇನ್ನೇನು ಭಯ?"

"ಅವು ಹಿಡ್ಕೊಂಡಿರ್ತವೆ ಅಷ್ಟೆ. ಕೂಡಿಸ್ತಿರೋದು ನೀವು. ಈಗ, ನನ್ನ ಜೊತೆ ವಾದ ಮಾಡ್ತಿರೋವಾಗ್ಲೂ ನಿಮ್ಮ ಮೂಳೆ ಬೆಳೀತಾ ಇದೆ."

ನಾನು ವಾದ ಮರೆತು ಕೈಯನ್ನೇ ನೋಡಿದೆ. ನಾನು ಜೋಡಿಸಿದ ಹಲಗೆ ಒಂದಾದರೂ ಮತ್ತೆ ಬೆಳೆದು ಒಂದಾದದ್ದಿಲ್ಲ. ಎಷ್ಟೇ ಒಳ್ಳೆಯ ಅಂಟಾದರೂ ಬಿರುಕು ಬಿರುಕೇ. ಇಲ್ಲಿ ನೋಡಿದರೆ ನನಗೆ ಹೇಳದೆ, ನನ್ನನ್ನು ಕೇಳದೆ, ನಾನು ನಿದ್ದೆ ಹೊಡೆಯುವಾಗಲೂ ಯಾರೋ ಒಳಗೆ ಕೂತು ಸೀಳನ್ನು ತುಂಬುತ್ತಿದ್ದರು. ಅವರಿಗೆ ರಜೆಯಿಲ್ಲ, ಗೊಣಗಾಟವಿಲ್ಲ, ನನ್ನಂಥವನಿಂದ ಮೆಚ್ಚುಗೆಯ ಆಸೆಯೂ ಇಲ್ಲ. ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಮನೆಗೆ ಬರುವಾಗ ತೋಳನ್ನು ಎದೆಗವಚಿಕೊಂಡು ಕೂತಿದ್ದೆ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ನಾಲ್ಕನೆಯ ದಿನಕ್ಕೆ ಈ 'ಮೆಲ್ಲಗೆ' ನನಗೆ ಸಾಕುಬೇಕಾಯಿತು. ಹೆಂಡತಿ ಪೇಟೆಗೆ ಹೋಗಿದ್ದಳು. ಕೆಲಸದ ಕೋಣೆಯ ಬಾಗಿಲ ಚೌಕಟ್ಟಿಗೆ ಮುಂಗೈ ಆನಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ತುಕ್ಕು ಹಿಡಿದ ತಿರುಗಣಿಗೆ ಒಂದು ಸಲ ಜೋರು ತೋರಿಸಿದರೆ ತಾನೇ ದಾರಿಗೆ ಬರುತ್ತದೆ ಎಂಬುದು ನನ್ನ ಲೆಕ್ಕ. ಒಳಗೆ ಏನೋ ಕಿತ್ತುಬಂದಂತಾಗಿ ಹಾಡಹಗಲೇ ನಕ್ಷತ್ರ ಕಂಡವು. ಸಂಜೆಯ ಹೊತ್ತಿಗೆ ಮೊಣಕೈ ಊದಿ ಕುಂಬಳಕಾಯಿಯಾಗಿತ್ತು.

ಹೆಂಡತಿ ಐಸ್ ಸುತ್ತಿದ ಬಟ್ಟೆ ಹಿಡಿದು ಎದುರಿಗೆ ಕೂತಳು. "ಮಳೆಗೆ ಉಬ್ಬಿದ ಬಾಗಿಲನ್ನ ಒದೀಬೇಡಿ, ಒಣಗೋವರೆಗೂ ಕಾಯಿರಿ ಅಂತ ಮನೆಮನೆಗೆ ಬುದ್ಧಿ ಹೇಳ್ಕೊಂಡು ಬರೋರು ಯಾರು?"

"ನಾನೇ ಕಣೆ."

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ."

ಉಬ್ಬಿದ್ದಕ್ಕೂ ತುಕ್ಕು ಹಿಡಿದದ್ದಕ್ಕೂ ವ್ಯತ್ಯಾಸ ತಿಳಿಯದ ಬಡಗಿಯನ್ನು ನಾನಾದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ.

ಮರುದಿನ ಅಳತೆಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ನಾಲ್ಕು ಮಾತಾಡಬಹುದಿತ್ತು. "ಐವತ್ತೆಂಟು," ಎಂದು ಬರೆದು ಎಕ್ಸ್‌ರೇಗೆ ಕಳಿಸಿದಳು. ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ಗರಗಸ ಹಿಡಿಯದ ನಾನು ಯಾರು ಎಂದು ಯೋಚಿಸಿದೆ. ಯಾರೂ ಹೊಳೆಯಲಿಲ್ಲ. ಬಹಳ ಹೆದರಿದ್ದೆ.

"ಏನೂ ಅಲುಗಾಡಿಲ್ಲ," ಎಂದಳು ಹಾಳೆ ನೋಡಿ. "ಈ ಸಲ ಮೊಣಕೈ ನಿಮ್ಮನ್ನ ಕ್ಷಮಿಸಿದೆ. ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಡಿ."

ಊತ ಇಳಿದ ಮೇಲೆ ಹೊಸದಾಗಿ ಶುರು ಮಾಡಿದೆ. ಮೇಜಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಮೊಣಕೈ, ಮುಂಗೈಯ ಕೆಳಗೆ ಆಸರೆಗೆ ಎಡಗೈ. ಎಳೆಯುವುದಿಲ್ಲ, ಒತ್ತುವುದಿಲ್ಲ. ಬಾ ಎಂದು ಮನಸ್ಸಿನಲ್ಲೇ ಕರೆದು ಕಾಯುವುದು. ನೋವು ಶುರುವಾಗುವ ಕಡೆ ನಿಂತು ಐದು ಎಣಿಸುವುದು. ಚರ್ಮದ ಕೆಳಗೆ ಸ್ನಾಯು ಸಣ್ಣಗೆ ನಡುಗುವುದು ಕಾಣುತ್ತಿತ್ತು. ಅರವತ್ತೆರಡು ವರ್ಷ ನನ್ನ ಜೊತೆಗೇ ಇದ್ದ ತೋಳನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅದು ಎಷ್ಟು ಮರ ಕೊಯ್ದಿದೆ, ಮಗಳನ್ನು ಎಷ್ಟು ಸಲ ಎತ್ತಿದೆ, ಒಂದು ದಿನವಾದರೂ ಕೇಳಿದ್ದೆನೇ? ಹೆಂಡತಿ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಒಂದೊಂದು ಸಲ ಅವಳೂ ಎಣಿಕೆ ಮರೆತು ಆ ನಡುಕವನ್ನೇ ನೋಡುತ್ತ ಕೂತುಬಿಡುತ್ತಿದ್ದಳು.

ಹನ್ನೆರಡು ದಿನ ಕಳೆದ ಮೇಲೆ ಮತ್ತೆ ಅಳತೆಗೆ ಹೋದೆ. ಕೋನಮಾಪಕ ಇಟ್ಟಳು. ಕಣ್ಣು ಮುಚ್ಚಿಕೊಂಡು ಮಡಚಿದೆ. ಅವಳು ಮಾಪಕವನ್ನು ತೆಗೆದು ಮತ್ತೊಮ್ಮೆ ಹೊಂದಿಸಿದ್ದು ತಿಳಿಯಿತು.

"ಎಪ್ಪತ್ತೊಂದು," ಎಂದಳು ಕೊನೆಗೆ. "ಬೇಜಾರು ಮಾಡ್ಕೋಬೇಡಿ. ಮೊದಲನೇ ದಿನಕ್ಕಿಂತ ಒಂದೇ ಡಿಗ್ರಿ ಜಾಸ್ತಿ. ಆದ್ರೆ ಬಿಗಿದುಕೊಂಡಿಲ್ಲ, ಚಲಿಸ್ತಾ ಇದೆ."

"ಒಂದೇ?" ಎಂದೆ. ದನಿ ಕೋಣೆಗೆಲ್ಲ ಕೇಳಿರಬೇಕು. "ಏಳಡಿ ಬಾಗಿಲು ಒಂದು ಡಿಗ್ರಿ ವಾಲಿದ್ರೆ ಎಷ್ಟು ಸಂದಿ ಬಿಡುತ್ತೆ ಗೊತ್ತೇನಮ್ಮ ನಿಂಗೆ? ಒಂದೂವರೆ ಇಂಚು! ಬೆಕ್ಕಿನ ಮರಿ ನುಗ್ಗಿ ಹೋಗುತ್ತೆ!"

ಅಷ್ಟು ಸಂದಿ ಸರಿಮಾಡಲು ನನಗೆ ಉಳಿ, ಸುತ್ತಿಗೆ, ಅರ್ಧ ದಿನ ಬೇಕು. ಇದು ಬರಿಗೈಯಲ್ಲಿ, ಒಳಗಿಂದೊಳಗೇ, ನಾನು ಮಾಡಿದ ಗಾಯವನ್ನೂ ದಾಟಿಕೊಂಡು ಬಂದಿತ್ತು. ಕಣ್ಣಲ್ಲಿ ನೀರು ತುಂಬಿತು. ನಾಚಿಕೆಯೇನೂ ಆಗಲಿಲ್ಲ.

ಅಳತೆಯಮ್ಮ ನಗುತ್ತ ಮಾಪಕವನ್ನು ಮತ್ತೆ ಕೈಗೆತ್ತಿಕೊಂಡಳು. "ಇನ್ನೊಂದ್ಸಲ ಮಡಚ್ತೀರಾ? ಇನ್ನೂ ಸ್ವಲ್ಪ ಬರಬಹುದು."

ನಾನು ಎಡಗೈಯಿಂದ ಮೊಣಕೈ ಸವರಿದೆ. ಅದು ಇನ್ನೂ ನಡುಗುತ್ತಿತ್ತು.

"ಬೇಡಮ್ಮ," ಎಂದೆ, "ಪಾಪ, ಸುಸ್ತಾಗಿದೆ ಅದಕ್ಕೆ. ನಾಳೆ ಕೇಳೋಣ."